ಮಧ್ಯಾಹ್ನ ಯಾವ ಪಲ್ಯ ಇತ್ತು? ಧಾರವಾಡದ ಖಾನಾವಳಿಯಿಂದ ಒಂದು ಬಹಿರಂಗ ಪತ್ರ

ಧಾರವಾಡ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಈ ಊರಲ್ಲಿ ಹಾಸ್ಟೆಲ್, ಪಿಜಿ, ಮೆಸ್ ನಡೆಸುವ ಎಲ್ಲರಿಗೂ,

ನಮಸ್ಕಾರ.

ನಾನು ಸಪ್ತಾಪುರದ ಹತ್ತಿರ ಒಂದು ಸಣ್ಣ ಖಾನಾವಳಿ ನಡೆಸುತ್ತೇನೆ. ಶುರು ಮಾಡಿದ್ದು ನಮ್ಮ ಅತ್ತೆ. ಈಗ ಅವರು ಗಲ್ಲಾದ ಮುಂದೆ ಕೂರುತ್ತಾರೆ, ಒಲೆ ನನ್ನ ಪಾಲಿಗೆ ಬಂದಿದೆ. ಉಣ್ಣಲು ಬರುವವರಲ್ಲಿ ಹೆಚ್ಚಿನವರು ಪರೀಕ್ಷೆಗೆ ಓದುವ ಮಕ್ಕಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಕಾನ್‌ಸ್ಟೇಬಲ್, ಯಾವುದಾದರೂ ಒಂದು. ರೋಣ, ಶಿರಹಟ್ಟಿ, ಹಾನಗಲ್ಲ, ಸವಣೂರ ಕಡೆಯಿಂದ ಬಂದು, ಒಂದು ರೂಮಿನಲ್ಲಿ ಮೂರು ಜನ ಇದ್ದು, ತಿಂಗಳ ಊಟದ ದುಡ್ಡನ್ನು ಎರಡು ಕಂತಿನಲ್ಲಿ ಕೊಡುವವರು. ಅವರ ವಿಷಯವಾಗಿಯೇ ಈ ಪತ್ರ. ದೂರಲ್ಲ. ದೂರು ಕೊಡುವುದಿದ್ದರೆ ನನ್ನ ಮೇಲೆಯೇ ಮೊದಲು ಕೊಡಬೇಕಾಗುತ್ತದೆ, ಅದನ್ನೂ ಮುಂದೆ ಹೇಳುತ್ತೇನೆ.

ಖಾನಾವಳಿಯ ಪಕ್ಕದಲ್ಲೇ ನನ್ನ ಮೈದುನನ ಡಬ್ಬಿ ಅಂಗಡಿ ಇದೆ. ಸಂಜೆ ನಾಲ್ಕರ ಸುಮಾರಿಗೆ ಪಾತ್ರೆ ತೊಳೆದು ಮುಗಿದ ಮೇಲೆ ನಾನು ಅಲ್ಲಿ ಹೋಗಿ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತೇನೆ. ಹೋದ ಚಳಿಗಾಲದಲ್ಲಿ ಒಂದು ಮಂಗಳವಾರ, ಒಂದೂವರೆಗೆ ನಮ್ಮಲ್ಲಿ ಹೊಟ್ಟೆ ತುಂಬ ಉಂಡು ಹೋಗಿದ್ದ ನಾಲ್ಕು ಹುಡುಗರು ಅಲ್ಲಿಗೆ ಬಂದರು. ಮೂವರು ಹತ್ತು ರೂಪಾಯಿಯ ಕುರುಕಲು ಪ್ಯಾಕೆಟ್ ಎರಡೆರಡು ಹರಿದುಕೊಂಡರು. ಹಸಿವಾಯಿತೇ ಇಷ್ಟು ಬೇಗ ಎಂದುಕೊಂಡು ಸುಮ್ನೆ ಕೇಳಿದೆ.

"ಮಧ್ಯಾಹ್ನ ಯಾವ ಪಲ್ಯ ಇತ್ತೋ ತಮ್ಮಾ?"

"ಬದನಿಕಾಯಿ ಅಲ್ರೀ ಅಕ್ಕಾರ?"

"ಮಡಕಿಕಾಳು ಇತ್ತಲೇ," ಅಂದ ಇನ್ನೊಬ್ಬ.

ಮೂರನೆಯವನು ಸ್ವಲ್ಪ ಯೋಚಿಸಿ, "ಇವತ್ತಿಂದೇನ್ರಿ, ನಿನ್ನಿದೇನ್ರಿ?" ಅಂದ.

ಇದ್ದದ್ದು ಹೆಸರುಕಾಳು, ಜೊತೆಗೆ ಹೀರೇಕಾಯಿ. ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ್ದು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ನಾಲ್ಕನೆಯವನು ಮಾತ್ರ, ರೋಣದ ಕಡೆಯ ಹುಡುಗ, "ಹೆಸರುಕಾಳ್ರಿ. ಉಪ್ಪು ಚೂರು ಮುಂದಾಗಿತ್ತು ನೋಡ್ರಿ," ಅಂದ. ಉಪ್ಪು ಮುಂದಾಗಿದ್ದು ನಿಜ. ಅವನು ಚಹಾ ಅಷ್ಟೇ ಕುಡಿದು ಹೋದ.

ಮೊದಲ ಮೂವರೂ ಉಣ್ಣುವಾಗ ನೀರಿನ ಜಗ್ಗಿಗೆ ಮೊಬೈಲ್ ಆನಿಸಿಟ್ಟುಕೊಂಡಿದ್ದರು. ಸ್ಟೀಲಿನ ಜಗ್ಗು, ಮೇಲೆ ಹಿಡಿಕೆ, ಅದಕ್ಕೆ ಫೋನ್ ಅಡ್ಡಡ್ಡ ನಿಲ್ಲಿಸಿದರೆ ಸರಿಯಾಗಿ ಕೂರುತ್ತದೆ. ಈಗ ನಮ್ಮಲ್ಲಿ ಜಗ್ಗು ನೀರಿಗಿಂತ ಇದಕ್ಕೇ ಜಾಸ್ತಿ ಬೇಕಾಗುತ್ತದೆ. ಆ ನಾಲ್ಕನೆಯವನ ಮುಂದೆಯೂ ಫೋನ್ ಇತ್ತು. ಅದೇ ನನಗೆ ಬಿಡಿಸಲಾಗದ ಒಗಟು. ಅವನ ಕಥೆ ಆಮೇಲೆ.

ರಾತ್ರಿ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಆಹಾರ ಮತ್ತು ಪೋಷಣೆ ಓದುತ್ತಿದ್ದಾಳೆ. ಸುಮ್ಮನೆ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಕೂತು, "ಅವ್ವಾ, ನೀ ಕೇಳಿದ್ದು ಭಾಳ ದೊಡ್ಡ ಪ್ರಶ್ನಿ," ಅಂದಳು. ಆಮೇಲೆ ಒಂದು ವಾರ ಅಡುಗೆಮನೆಯಲ್ಲಿ ಅದೇ ಪಾಠ. ಅವಳು ಓದಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

2011ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 44 ಜನರಿಗೆ ಮಧ್ಯಾಹ್ನದ ಊಟ ಕೊಟ್ಟರು. ಊಟದಲ್ಲಿ ಒಂಬತ್ತು ಬಗೆ. ಅರ್ಧ ಜನ ಕಂಪ್ಯೂಟರಿನಲ್ಲಿ ಇಸ್ಪೀಟಿನ ಆಟ ಆಡುತ್ತ ಉಂಡರು, ಉಳಿದರ್ಧ ಸುಮ್ಮನೆ ಉಂಡರು. ಊಟ ಇಬ್ಬರಿಗೂ ಒಂದೇ. ಅರ್ಧ ತಾಸು ಬಿಟ್ಟು ಬಿಸ್ಕತ್ತು ಇಟ್ಟರು. ಸುಮ್ಮನೆ ಉಂಡವರು ಸರಾಸರಿ 27 ಗ್ರಾಂ ತಿಂದರು, ಆಟ ಆಡುತ್ತ ಉಂಡವರು 52 ಗ್ರಾಂ. ಸುಮಾರು ಎರಡು ಪಟ್ಟು. ಯಾವುದಾದ ಮೇಲೆ ಯಾವುದು ಉಂಡಿರಿ ಎಂದು ಕೇಳಿದರೆ ಆಟದವರು ಜಾಸ್ತಿ ತಡವರಿಸಿದರು. ನಮ್ಮ ಹುಡುಗರ ಹಾಗೆಯೇ ಅಲ್ವಾ? ಬದನಿಕಾಯಿಯೋ, ಮಡಕಿಕಾಳೋ!

ಇದು ಒಂದೇ ಕಡೆ ಕಂಡದ್ದಲ್ಲ. 2013ರಲ್ಲಿ ಇಂಥ 24 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಕಂಡದ್ದು ಇದು: ಉಣ್ಣುವಾಗ ಗಮನ ಬೇರೆ ಕಡೆ ಇದ್ದರೆ ಆಗಲೂ ಒಂದಿಷ್ಟು ಜಾಸ್ತಿ ತಿನ್ನುತ್ತೇವೆ. ಆದರೆ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಆಗುವುದು ಆಮೇಲಿನ ತಿನ್ನುವಿಕೆಯಲ್ಲಿ. ಅಂದರೆ ಹೊಡೆತ ಬೀಳುವುದು ನನ್ನ ತಾಟಿಗಲ್ಲ, ಸಂಜೆ ನಾಲ್ಕಕ್ಕೆ, ಮೈದುನನ ಅಂಗಡಿಯ ಮುಂದೆ.

ನಾನು ಇಷ್ಟು ದಿನ ಹಸಿವು ಅಂದರೆ ಹೊಟ್ಟೆಯದು ಎಂದೇ ತಿಳಿದಿದ್ದೆ. ಮಗಳು ಇನ್ನೊಂದು ಹೇಳಿದಳು. 1998ರಲ್ಲಿ ಅಮೆರಿಕದ ಪಾಲ್ ರೋಜಿನ್ ಮತ್ತು ಸಂಗಡಿಗರು ನೆನಪಿನ ಶಕ್ತಿ ಹೋಗಿದ್ದ ಇಬ್ಬರು ರೋಗಿಗಳಿಗೆ ಊಟ ಕೊಟ್ಟರು. ಉಂಡು ಹತ್ತರಿಂದ ಮೂವತ್ತು ನಿಮಿಷ ಆದ ಮೇಲೆ ಮತ್ತೆ ಪೂರ್ತಿ ಊಟ ತಂದಿಟ್ಟರು. ಅವರು ಅದನ್ನೂ ಉಂಡರು. ಮೂರನೆಯ ಸಲ ತಂದಿಟ್ಟರೆ ಅದಕ್ಕೂ ಕೈಹಾಕಿದರು. ಹೊಟ್ಟೆ ಅದೇ, ಆದರೆ ಉಂಡದ್ದು ನೆನಪಿಲ್ಲ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೊಟ್ಟೆ ತುಂಬಿದ ಲೆಕ್ಕ ಅರ್ಧ ತಲೆಯಲ್ಲೂ ಬರೆದಿರುತ್ತದೆ ಎಂದಾಯಿತು. ನಮ್ಮ ಹುಡುಗರಿಗೆ ನೆನಪಿನ ಶಕ್ತಿಗೇನೂ ಕೊರತೆಯಿಲ್ಲ. ಸಂವಿಧಾನದ ಯಾವ ವಿಧಿ ಏನು ಹೇಳುತ್ತದೆ ಎಂದು ಕೇಳಿ, ಪಟಪಟ ಹೇಳುತ್ತಾರೆ. ಪಲ್ಯ ಮಾತ್ರ ತಲೆಗೆ ಹೋಗಿಯೇ ಇಲ್ಲ.

ಇದೇ ಮಾತಿಗೆ ಸೇರಿಸಿ ಒಂದು ಹಳೆಯ ಸಂಗತಿ. ಧಾರವಾಡ ಓದುವವರ ಊರಾಗಿ ನೂರು ವರ್ಷದ ಮೇಲಾಯಿತು. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಆಗ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ನಮ್ಮಲ್ಲಿಗೆ ಒಬ್ಬ ನಿವೃತ್ತ ಮಾಸ್ತರರು ಬರುತ್ತಾರೆ, ಎಂಬತ್ತರ ಮೇಲಾಗಿದೆ. ಅವರೂ ವಾರಾನ್ನದವರು. ಯಾವ ಮನೆಯಲ್ಲಿ ಬುಧವಾರ ಯಾವ ಸಾರು, ಯಾರ ಮನೆಯ ಹಿಂಡಿಯಲ್ಲಿ ಬೆಳ್ಳುಳ್ಳಿ ಜಾಸ್ತಿ, ಯಾರು ತುಪ್ಪ ಬಡಿಸುವಾಗ ಮಿಳ್ಳಿ ಹೇಗೆ ಹಿಡಿಯುತ್ತಿದ್ದರು, ಎಲ್ಲ ಹೇಳುತ್ತಾರೆ. ಅರವತ್ತು ವರ್ಷದ ಹಿಂದಿನ ಊಟ! ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರನ್ನು ಕೇಳಿ, ಅವರೂ ಹಾಗೆಯೇ. ಪ್ರಸಾದ ಎಂದು ಉಣ್ಣುವವರು ಒಂದಗುಳು ಬಿಡುವುದಿಲ್ಲ, ತಾಟು ತೊಳೆದ ನೀರನ್ನೂ ಕುಡಿಯುತ್ತಾರೆ. ತಾಟಿನ ತಳ ನೋಡದೆ ಆ ಊಟ ಮುಗಿಯುವುದೇ ಇಲ್ಲ. ಹಾಗಂತ ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಹಸಿದವನಿಗೆ ಊಟ ನೆನಪಿರುವುದರಲ್ಲಿ ದುಃಖವೂ ಇರುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

2023ರ ವಿಶ್ವಕಪ್ ಹೊತ್ತಿಗೆ ಗಿರಾಕಿ ಹೆಚ್ಚಲಿ ಎಂದು ಖಾನಾವಳಿಯಲ್ಲಿ ದೊಡ್ಡ ಟಿವಿ ಹಾಕಿಸಿದೆ. ಅತ್ತೆ ಬೇಡವೆಂದರು, ನಾನು ಕೇಳಲಿಲ್ಲ. ನಮ್ಮಲ್ಲಿ ಊಟಕ್ಕೆ ಎರಡು ರೊಟ್ಟಿ, ಮೇಲೆ ತೆಗೆದುಕೊಂಡರೆ ಬೇರೆ ದುಡ್ಡು. ನವೆಂಬರ್ 19, ಫೈನಲ್ ಪಂದ್ಯ. ರಾತ್ರಿ ಊಟದ ಹೊತ್ತಿಗೆ ನಮ್ಮವರು ಸೋಲುವುದು ಕಾಣುತ್ತಿತ್ತು. ಹುಡುಗರು ಟಿವಿ ಕಡೆ ಮುಖ ಮಾಡಿ ರೊಟ್ಟಿ ಮುರಿಯುತ್ತಲೇ ಇದ್ದರು. ಬಡಿಸುವವಳು ಬುಟ್ಟಿ ಹಿಡಿದು ಬಂದರೆ ಕೈ ತಾನಾಗಿ ಮುಂದೆ ಬರುತ್ತಿತ್ತು. ದುಡ್ಡು ಕೊಡುವಾಗ ಜಗಳ.

"ಎಷ್ಟು ರೊಟ್ಟಿ ಆದ್ವು ತಮ್ಮಾ?"

"ಮೂರು ರೀ."

ಅತ್ತೆ ರುದ್ರಾಕ್ಷಿ ಎಣಿಸಿದ ಹಾಗೆ ಎಣಿಸಿರುತ್ತಾರೆ. "ಐದು," ಅಂದರು. ಆ ಹುಡುಗ ಆಣೆ ಮಾಡಿದ. ಆ ದಿನ ನಾನು ಅವನನ್ನು ಸುಳ್ಳ ಅಂದುಕೊಂಡೆ. ಈಗ ಗೊತ್ತಾಗಿದೆ, ಅವನು ಸುಳ್ಳು ಹೇಳಿರಲಿಲ್ಲ. ಅವನ ಲೆಕ್ಕದಲ್ಲಿ ಮೂರೇ ಇದ್ದವು. ಉಳಿದ ಎರಡು ಎಲ್ಲಿ ಹೋದವೆಂದು ಅವನಿಗೇ ಗೊತ್ತಿರಲಿಲ್ಲ. ಮುಂದಿನ ಯುಗಾದಿಗೆ ಸುಣ್ಣ ಹೊಡೆಸುವಾಗ ಟಿವಿ ಇಳಿಸಿ ಅಟ್ಟಕ್ಕೆ ಹಾಕಿದೆ. ಅಷ್ಟರಲ್ಲಿ ಪ್ರತಿ ತಾಟಿಗೂ ಒಂದೊಂದು ಸಣ್ಣ ಟಿವಿ ಬಂದಾಗಿತ್ತು.

ಇನ್ನು ತಿಂಡಿಯ ಆಯ್ಕೆಯ ಮಾತು. ಇದು ಓದಿ ತಿಳಿದದ್ದಲ್ಲ, ಮೈದುನನ ಅಂಗಡಿಯಲ್ಲಿ ಕೂತು ನೋಡಿದ್ದು. ಮೊಬೈಲ್ ಹಿಡಿದ ಕೈಗೆ ಎಲ್ಲ ತಿಂಡಿಯೂ ಆಗುವುದಿಲ್ಲ. ಗಮನಿಸಿ ನೋಡಿ.

ಗಿರ್ಮಿಟ್ ತೆಗೆದುಕೊಳ್ಳಿ. ಹುಣಸೆಹಣ್ಣು, ಬೆಲ್ಲ, ಉಳ್ಳಾಗಡ್ಡಿಯ ಗೊಜ್ಜಿನಲ್ಲಿ ಚುರುಮುರಿ ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಸೇವು, ಕೊತ್ತಂಬರಿ ಹಾಕಿ ಕೊಟ್ಟರೆ ಆಗಲೇ ತಿನ್ನಬೇಕು. ಐದು ನಿಮಿಷ ಬಿಟ್ಟರೆ ಮೆತ್ತಗಾಗಿ ಮುದ್ದೆಯಾಗುತ್ತದೆ. ಪಕ್ಕದ ಮಿರ್ಚಿ ಬಿಸಿ ಇರುವಾಗಲೇ ಕಚ್ಚಬೇಕು, ಬೆರಳಿಗೆ ಎಣ್ಣೆ ಹತ್ತುತ್ತದೆ, ಒಳಗಿನ ಮೆಣಸಿನಕಾಯಿ ಎಷ್ಟು ಖಾರ ಎಂದು ಎಚ್ಚರ ಇರಬೇಕು. ಗಿರ್ಮಿಟ್ ಕಾಯುವುದಿಲ್ಲ. ಅದಕ್ಕೆ ನಿಮ್ಮ ಕಣ್ಣು ಬೇಕು, ಈಗಲೇ ಬೇಕು.

ಬಾಳೆಹಣ್ಣು ಸುಲಿಯಲು ಎರಡು ಕೈ ಬೇಕು. ಹುರಿದ ಶೇಂಗಾ ಒಡೆಯಲು ಎರಡು ಕೈ. ಹಸಿ ಕಡಲೆಯ ಗಿಡ ತಂದರಂತೂ ಒಂದೊಂದೇ ಬುಡ್ಡಿ ಬಿಡಿಸಬೇಕು, ಕೆಲವೊಮ್ಮೆ ಒಳಗೆ ಹುಳ, ನೋಡಿಯೇ ಬಾಯಿಗೆ ಹಾಕಬೇಕು. ಚಳಿಗಾಲದ ಸೀತನಿ ಗೊತ್ತಲ್ಲ? ಎಳೆ ಜೋಳದ ತೆನೆ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಉಜ್ಜಿ, ಹೊಟ್ಟು ಊದಿ, ಹಿಂಡಿಯ ಜೊತೆ ತಿನ್ನುವುದು. ಒಂದು ಮುಷ್ಟಿ ಸೀತನಿಗೆ ಎಷ್ಟು ಕೆಲಸ! ಇವೆಲ್ಲ ತಿಂದ ಮೇಲೆ ಮುಂದೆ ಸಿಪ್ಪೆಯ ರಾಶಿ ಬಿದ್ದಿರುತ್ತದೆ. ಎಷ್ಟು ತಿಂದೆವೆಂದು ಅದೇ ಹೇಳುತ್ತದೆ.

ಈಗ ಪ್ಯಾಕೆಟ್ ನೋಡಿ. ಒಂದು ತುದಿ ಹಲ್ಲಿನಿಂದ ಕಚ್ಚಿ ಹರಿದರೆ ಆಯಿತು. ಎಡಗೈಯಲ್ಲಿ ಫೋನ್, ಬಲಗೈ ಎರಡು ಬೆರಳು ಪ್ಯಾಕೆಟ್ ಒಳಗೆ. ಮೆತ್ತಗಾಗುವುದಿಲ್ಲ, ಆರುವುದಿಲ್ಲ, ಸೋರುವುದಿಲ್ಲ, ಮುಳ್ಳಿಲ್ಲ, ಸಿಪ್ಪೆಯಿಲ್ಲ, ಹುಳವಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತದೆ. ಫೋನಿಗೆಂದೇ ಹೇಳಿ ಮಾಡಿಸಿದ ಹಾಗಿದೆ. ಬೆರಳಿಗೆ ಹತ್ತಿದ ಕೆಂಪು ಪುಡಿ ಒಂದೇ ತೊಂದರೆ. ಅದನ್ನೂ ಹುಡುಗರು ಬಗೆಹರಿಸಿಕೊಂಡಿದ್ದಾರೆ. ಪ್ಯಾಕೆಟ್ಟನ್ನೇ ಬಾಯಿಗೆ ಎತ್ತಿ ಸುರಿದುಕೊಳ್ಳುತ್ತಾರೆ. ಅಲ್ಲಿಗೆ ಬೆರಳಿನ ಲೆಕ್ಕವೂ ಹೋಯಿತು.

ಮೈದುನ ಗಾಜಿನ ಡಬ್ಬಿಯಲ್ಲಿ ಶೇಂಗಾ ಚಿಕ್ಕಿ, ಪುಟಾಣಿ ಇಟ್ಟಿದ್ದಾನೆ. ಬಾಳೆಹಣ್ಣಿನ ಗೊನೆ ಹಗ್ಗಕ್ಕೆ ನೇತುಹಾಕಿದ್ದಾನೆ. ಎಲ್ಲ ಕಣ್ಣೆದುರಿಗೇ ಇವೆ. ಆದರೆ ಫೋನ್ ನೋಡುತ್ತ ಬಂದವನು ತಲೆ ಎತ್ತುವುದಿಲ್ಲ. ಕೈ ಮೇಲೆತ್ತುತ್ತಾನೆ. ಮೇಲೆ ತೋರಣದ ಹಾಗೆ ಜೋತುಬಿದ್ದಿರುವುದು ಪ್ಯಾಕೆಟ್ಟೇ. ಕೈಗೆ ಸಿಕ್ಕಿದ್ದು ಹರಿಯುತ್ತಾನೆ. ಆರಿಸಿದ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಇದರ ಮೇಲೆ ಜಾಹೀರಾತು. 2009ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಕಾರ್ಟೂನ್ ತೋರಿಸಿ, ಪಕ್ಕದಲ್ಲಿ ಕುರುಕಲು ತಿಂಡಿ ಇಟ್ಟರು. ನಡುನಡುವೆ ತಿಂಡಿಯ ಜಾಹೀರಾತು ಬಂದ ಮಕ್ಕಳು, ಬೇರೆ ಜಾಹೀರಾತು ನೋಡಿದ ಮಕ್ಕಳಿಗಿಂತ 45 ಶೇಕಡಾ ಜಾಸ್ತಿ ತಿಂದರು. ಜಾಹೀರಾತಿನಲ್ಲಿ ಬಂದದ್ದು ಬೇರೆ ತಿಂಡಿ, ಮುಂದೆ ಇದ್ದದ್ದು ಬೇರೆ. ಆದರೂ ಕೈ ಓಡಿತು.

ರುಚಿಯ ಮಾತೂ ಇದೆ. ಇದು ಅಡುಗೆ ಮಾಡುವ ನನಗೆ ಜಾಸ್ತಿ ತಾಗಿದ್ದು. ಫೋನ್ ಇಟ್ಟುಕೊಂಡು ಉಣ್ಣುವವರು ಉಪ್ಪು ಕೇಳುತ್ತಾರೆ, ಉಪ್ಪಿನಕಾಯಿ ಎರಡನೇ ಸಲ ಕೇಳುತ್ತಾರೆ. ಪಕ್ಕದಲ್ಲಿ ಅದೇ ಪಲ್ಯ ಉಂಡ ಮಾಸ್ತರರು ಉಪ್ಪು ಹದವಾಗಿದೆ ಅನ್ನುತ್ತಾರೆ. ನನ್ನ ನಾಲಿಗೆಯ ಮೇಲೇ ನನಗೆ ಅನುಮಾನ ಬಂದಿತ್ತು. 2013ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು ಜನರಿಗೆ ದೊಡ್ಡ ಸಂಖ್ಯೆಯೊಂದನ್ನು ನೆನಪಿಟ್ಟುಕೊಳ್ಳಲು ಹೇಳಿ, ಅದೇ ಹೊತ್ತಿಗೆ ಸಿಹಿ, ಹುಳಿ, ಉಪ್ಪು ರುಚಿ ತೋರಿಸಿದರಂತೆ. ತಲೆ ಬೇರೆ ಕೆಲಸದಲ್ಲಿದ್ದವರಿಗೆ ರುಚಿ ಸಪ್ಪೆ ಅನ್ನಿಸಿತು. ಹೆಸರುಕಾಳು ಸಪ್ಪೆ ಅನ್ನಿಸಿದವನಿಗೆ ನಾಲ್ಕು ಗಂಟೆಗೆ ಉಪ್ಪು, ಹುಳಿ, ಖಾರ ಒಟ್ಟಿಗೆ ಹೊಡೆಯುವ ಪ್ಯಾಕೆಟ್ಟೇ ಬೇಕಾಗುತ್ತದೆ. ಸಂಜೆ ಗೋಬಿ ಗಾಡಿಯ ಮುಂದೆ ನಿಂತವರನ್ನೂ ನೋಡಿ. ಆ ಕೆಂಪಿಗೆ ಹಾಕುತ್ತಿದ್ದ ರೋಡಮೈನ್-ಬಿ ಬಣ್ಣವನ್ನು ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು, ಒಳ್ಳೆಯದಾಯಿತು. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ ಕೆಂಪಿಗೆ ಬಟ್ಟೆಗೆ ಹಾಕುವ ಬಣ್ಣ ಬೇಕಾಗಿತ್ತೇ ಎಂದು ನನಗೆ ಆಗಲೂ ಅನ್ನಿಸಿತ್ತು.

ನೀವು ಕೇಳಬಹುದು, ಇದಕ್ಕೆಲ್ಲ ಕಾನೂನು ಇಲ್ಲವೇ ಎಂದು. ಇದೆ. ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿಯನ್ನು ಶಾಲೆಯ ಆವರಣದಲ್ಲಿ ಮತ್ತು ಅದರ ಸುತ್ತ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಮೈದುನನ ಅಂಗಡಿ ಹತ್ತಿರದ ಹೈಸ್ಕೂಲಿನ ಗೇಟಿಗೆ ಎಷ್ಟು ಮೀಟರ್ ಎಂದು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ನೆಮ್ಮದಿ ಬೇಕು. ಆದರೆ ಒಂದು ಮಾತು. ಅಂಗಡಿಯನ್ನು 50 ಮೀಟರ್ ಆಚೆ ಸರಿಸಬಹುದು. ಫೋನಿಗೂ ಕಣ್ಣಿಗೂ ನಡುವೆ ಇರುವುದು ಒಂದು ಮೊಳ. ಅದನ್ನು ಅಳೆಯುವ ಇನ್ಸ್‌ಪೆಕ್ಟರ್ ಎಲ್ಲಿದ್ದಾರೆ?

ಸಣ್ಣ ಮಕ್ಕಳ ವಿಷಯ ಬರೆದರೆ ಇನ್ನೊಂದು ಪತ್ರವೇ ಆಗುತ್ತದೆ. ಹಾವೇರಿಯಲ್ಲಿ ನನ್ನ ತಂಗಿಯ ಮೊಮ್ಮಗ ಫೋನ್ ಹಚ್ಚದೆ ಬಾಯಿ ತೆರೆಯುವುದಿಲ್ಲ. ವರ್ಷ ತುಂಬದ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. "ನೀವೂ ಚಂದಮಾಮನ್ನ ತೋರಿಸಿ ಉಣಿಸಿದವರೇ ಅಲ್ಲೇನವ್ವಾ, ಅದೂ ಕಣ್ಣು ತಪ್ಪಿಸಿದ್ದೇ," ಎಂದು ಮಗಳು ನನ್ನನ್ನೇ ಹಿಡಿದಳು. ಉತ್ತರ ಹೊಳೆಯಲು ಎರಡು ದಿನ ಬೇಕಾಯಿತು. ಚಂದಮಾಮ ಹದಿನೈದು ಸೆಕೆಂಡಿಗೊಮ್ಮೆ ಬದಲಾಗುತ್ತಿರಲಿಲ್ಲ. ನಡುವೆ ಚಾಕಲೇಟ್ ಮಾರುತ್ತಿರಲಿಲ್ಲ. ಚಂದಮಾಮನಿಗೊಂದು ತುತ್ತು, ನಿನಗೊಂದು ತುತ್ತು ಎಂದು ಮಾತು ಮತ್ತೆ ತುತ್ತಿಗೇ ಬರುತ್ತಿತ್ತು.

ಹಾಗೆ ಹೊಳೆದಾಗಲೇ ರೋಣದ ಹುಡುಗನ ಒಗಟೂ ಬಿಚ್ಚಿತು. ಮರುದಿನ ಅವನ ಹಿಂದಿನ ಬೆಂಚು ಒರೆಸುವ ನೆಪದಲ್ಲಿ ನಿಂತು ನೋಡಿದೆ. ಅವನು ವಿಡಿಯೋ ಕಾಲ್ ಮಾಡಿದ್ದ. ಆ ಕಡೆ ಅವನ ತಾಯಿ. ಹೊಲದ ಬದುವಿನಲ್ಲಿ ಕೂತು ಬುತ್ತಿ ಬಿಚ್ಚಿದ್ದಳು.

"ಏನ್ ಪಲ್ಯ ಐತೋ?"

"ಬದನಿಕಾಯಿ ಎಣಗಾಯಿ ಬೇ."

"ತೋರಸು ನೋಡೂನು. ಎಣ್ಣಿ ಭಾಳ ಹಾಕ್ಯಾರ? ತಪ್ಪಲ ತಿನ್ನಾಕತ್ತೀಯಿಲ್ಲೋ?"

ಅವನು ಫೋನ್ ತಾಟಿನ ಮೇಲೆ ಬಗ್ಗಿಸಿ ಎಣಗಾಯಿ ತೋರಿಸಿದ. ಮೆಂತ್ಯ ತಪ್ಪಲಿನ ಎರಡು ದಂಟು ತಾಯಿಗೆ ಕಾಣುವ ಹಾಗೆ ಬಾಯಿಗೆ ಹಾಕಿಕೊಂಡ. ಅವನ ಪರದೆ ಅವನ ಕಣ್ಣನ್ನು ತಾಟಿಗೇ ತಿರುಗಿಸುತ್ತಿತ್ತು. ಅದಕ್ಕೇ ಅವನಿಗೆ ಉಪ್ಪಿನ ಲೆಕ್ಕವೂ ಗೊತ್ತು. ಹಾಗಾಗಿ ಫೋನ್ ಅಂದರೆ ಪಾಪ ಎಂದು ನಾನು ಈ ಪತ್ರದಲ್ಲಿ ಎಲ್ಲೂ ಬರೆಯಲಾರೆ. ತಾಯಿಯ ಜೊತೆ ಉಣ್ಣುವವನನ್ನು ತಡೆಯಲು ನಾನು ಯಾರು?

ಇನ್ನು ಬೇಡಿಕೆ. ನಿಮ್ಮ ಕೈಯಲ್ಲಿ ಹಾಸ್ಟೆಲ್‌ಗಳಿವೆ, ಅದಕ್ಕೇ ನಿಮಗೆ ಬರೆದೆ. ಊಟದ ಹಾಲಿನಲ್ಲಿ ಟಿವಿ ಇದ್ದರೆ ಊಟದ ಹೊತ್ತಿಗೆ ಆರಿಸಲು ಹೇಳಿ. ಫೋನ್ ನಿಷೇಧ ಬೇಡ, ದಂಡ ಬೇಡ, ದಯವಿಟ್ಟು ಬೋರ್ಡಂತೂ ಬೇಡವೇ ಬೇಡ. ಬೋರ್ಡ್ ಓದಿ ಯಾರು ಬದಲಾಗಿದ್ದಾರೆ? ಬಾಗಿಲ ಹತ್ತಿರ ಒಂದು ಖಾನೆಗಳಿರುವ ಕಪಾಟು ಇಡಿ. ನಮ್ಮಲ್ಲಿ ಬಡಗಿಯಿಂದ ಮಾಡಿಸಿದ್ದೇವೆ, ಮೂವತ್ತು ಖಾನೆ, ಪ್ರತಿ ಖಾನೆಗೂ ನಂಬರ್. ಫೋನ್ ಇಟ್ಟವರಿಗೆ ಒಂದು ವಾಟಗಾ ಮಜ್ಜಿಗೆ ಹೆಚ್ಚಿಗೆ. ಮೊದಲ ವಾರ ನಾಲ್ಕೋ ಐದೋ ಇಟ್ಟರು. ಕೆಲವರು ನಮ್ಮನ್ನೇ ಬಿಟ್ಟು ಮುಂದಿನ ಗಲ್ಲಿಯ ಮೆಸ್ಸಿಗೆ ಹೋದರು. ಆ ನಷ್ಟ ಇನ್ನೂ ತುಂಬಿಲ್ಲ. "ಉಣ್ಣುವ ಹೊತ್ತಿನಲ್ಲೇ ಕರೆಂಟ್ ಅಫೇರ್ಸ್ ಕೇಳುತ್ತೇವೆ ಅಕ್ಕಾರ, ಟೈಮ್ ಇಲ್ಲ," ಅನ್ನುವವರಿಗೆ ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ. ಅವರ ಪರೀಕ್ಷೆಯ ಭಯ ನಿಜವಾದದ್ದು. ಹೊಟ್ಟೆಯಿಂದ ತಲೆಗೆ ಸುದ್ದಿ ಮುಟ್ಟಲು 20 ನಿಮಿಷದ ಹತ್ತಿರ ಬೇಕು, ಅಷ್ಟನ್ನಾದರೂ ಊಟಕ್ಕೆ ಕೊಡಪ್ಪಾ ಎಂದು ಮಾತ್ರ ಕೇಳುತ್ತೇನೆ. ಕೆಲವರು ಕೊಡುತ್ತಾರೆ.

ಬಡಿಸುವವರಿಗೆ ಒಂದು ಸಣ್ಣ ಸೂಚನೆ ಕೊಡಿಸಿ. ಮದುವೆಯ ಪಂಕ್ತಿಯಲ್ಲಿ ಬಡಿಸುವವರು ಹೇಗೆ ಕೂಗುತ್ತಾರೆ? "ಪಲ್ಯ, ಪಲ್ಯ... ಸಾರು, ಸಾರು... ಹೋಳಿಗಿಗೆ ತುಪ್ಪ!" ಮಾತಿನಲ್ಲಿ ಮುಳುಗಿದವರೂ ತಿರುಗಿ ಎಲೆ ನೋಡುತ್ತಾರೆ. ನಮ್ಮಲ್ಲಿ ಈಗ ಹಾಗೆ ಕೂಗಿ ಬಡಿಸುತ್ತೇವೆ. "ಹೆಸರುಕಾಳು!" ಅಂದಾಗ ಫೋನಿನವನೂ ಒಂದು ಕ್ಷಣ ತಾಟು ನೋಡುತ್ತಾನೆ. ಇದಕ್ಕೆ ಟೆಂಡರ್ ಬೇಕಿಲ್ಲ.

ಸಂಜೆ ನಾಲ್ಕೂವರೆಗೆ ಹಾಸ್ಟೆಲಿನಲ್ಲಿ ಕೈಯಿಂದ ಬಿಡಿಸಿ ತಿನ್ನುವಂಥದ್ದು ಏನಾದರೂ ಸಿಗಲಿ. ಹುರಿದ ಶೇಂಗಾ, ಬಾಳೆಹಣ್ಣು, ಸುಗ್ಗಿಯಲ್ಲಿ ಹಸಿ ಕಡಲೆ. ಇಲ್ಲವಾದರೆ ಬಿಸಿ ಉಸಳಿ.

ಕೊನೆಯದು ಪುಕ್ಕಟೆ. ಮೊದಲಿನ ಆ ನನ್ನ ಪ್ರಶ್ನೆ. 2002ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸುಜಾನ್ ಹಿಗ್ಸ್ ಎಂಬುವರು ವಿದ್ಯಾರ್ಥಿಗಳಿಗೆ ಬಿಸ್ಕತ್ತು ಕೊಡುವ ಮೊದಲು, ಈ ದಿನ ಮಧ್ಯಾಹ್ನ ಏನು ಉಂಡಿರಿ ನೆನಪಿಸಿಕೊಳ್ಳಿ ಎಂದು ಹೇಳಿದರಂತೆ. ನೆನಪಿಸಿಕೊಂಡವರು ಕಡಿಮೆ ತಿಂದರು. ಮಗಳು ಇದನ್ನು ಓದಿ ಹೇಳಿದ ಮೇಲೆ ನಾನು ದಿನಾ ಸ್ಟೂಲಿನ ಮೇಲೆ ಕೂತು ಬಂದವರನ್ನೆಲ್ಲ ಕೇಳತೊಡಗಿದೆ. ಹುಡುಗರು ಈಗ ದೂರದಿಂದಲೇ "ಹೀರೇಕಾಯಿ ರೀ!" ಎಂದು ಕೂಗುತ್ತ ಬರುತ್ತಾರೆ. ಕೆಲವರು ಹಾಗೆ ಕೂಗಿ, ನಕ್ಕು, ಒಂದೇ ಪ್ಯಾಕೆಟ್ ತೆಗೆದುಕೊಳ್ಳುತ್ತಾರೆ. ಒಬ್ಬಿಬ್ಬರು ಚಿಕ್ಕಿಯ ಡಬ್ಬಿಯ ಕಡೆ ಕೈ ತೋರಿಸಿದ್ದೂ ಉಂಟು. ಮೈದುನನಿಗೆ ಸಿಟ್ಟು. "ವೈನಿ, ಚಹಾ ಬೇಕಾದ್ರ ನಾನ ಮನಿಗೆ ಕಳಸ್ತೇನ್ರಿ. ಇಲ್ಲಿ ಕುಂತು ಪಲ್ಯ ಕೇಳಬ್ಯಾಡ್ರಿ," ಅನ್ನುತ್ತಾನೆ. ನಾನು ಕೇಳದ ಹಾಗೆ ಕೂತಿರುತ್ತೇನೆ.

ಹಾಸ್ಟೆಲ್ ವಾರ್ಡನ್‌ರು ಸಂಜೆ ಹಾಜರಿ ಕರೆಯುವಾಗ ಇದೊಂದು ಪ್ರಶ್ನೆ ಸೇರಿಸಿಕೊಂಡರೆ ಸಾಕು. ಆದೇಶದ ಭಾಷೆ ಹೇಗಿರಬೇಕೆಂದು ನನಗೆ ಗೊತ್ತಿಲ್ಲ, ನೀವು ಬರೆಯಬಲ್ಲಿರಿ.

ಸಾಹೇಬರೇ, ಒಂದು ದಿನ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಒಂದೂವರೆಗೆ ಬಂದರೆ ಜಾಗ ಸಿಗುತ್ತದೆ. ಬಾಗಿಲ ಎಡಕ್ಕೆ ಕಪಾಟಿದೆ, ಏಳನೇ ಖಾನೆಯ ಬಾಗಿಲು ಸ್ವಲ್ಪ ಸಡಿಲ, ಅದನ್ನು ಬಿಟ್ಟು ಯಾವುದರಲ್ಲಾದರೂ ಫೋನ್ ಇಡಬಹುದು. ಗುರುವಾರ ಬದನಿಕಾಯಿ ಎಣಗಾಯಿ ಇರುತ್ತದೆ. ಸಂಜೆ ನಾಲ್ಕಕ್ಕೆ ನಾನು ಫೋನ್ ಮಾಡಿ ಕೇಳುವವಳಿದ್ದೇನೆ, ಉಪ್ಪು ಹೇಗಿತ್ತು ಎಂದು.

ಇಂತಿ,
ಸಪ್ತಾಪುರದ ಖಾನಾವಳಿಯವಳು
ಧಾರವಾಡ